ಅಳತೆ ನಿಂತ ಮೇಲೆ

ಬಾಯಿ ತೆರೆದುಕೊಳ್ಳದಿರಲೆಂದು ಗಲ್ಲದಡಿಯಿಂದ ನೆತ್ತಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿತ್ತು. ನರಸಿಂಹಯ್ಯ ಹೆಂಡತಿಯ ತಲೆಯನ್ನು ಮೆಲ್ಲಗೆ ಎತ್ತಿಹಿಡಿದು ಗಂಟು ಬಿಗಿಮಾಡುತ್ತಿದ್ದಾಗ, ಹೊರಗೆ ಶಾಮಿಯಾನದ ಕಂಬಕ್ಕೆ ಏಣಿ ಆನಿಸಿದ ಸದ್ದು ಕೇಳಿಸಿತು. ಶಾಮಿಯಾನ ಬೆಳಿಗ್ಗೆಯೇ ಕಟ್ಟಿ ಆಗಿತ್ತು. ಇನ್ನೇನು ಕಟ್ಟುತ್ತಿದ್ದಾರೆ ಎಂದು ಎದ್ದು ಬಂದ.

ಆಳೆತ್ತರದ ಫ್ಲೆಕ್ಸು. ಅದರ ತುಂಬ ಮುನಿತಾಯಮ್ಮನ ಮುಖ. ಯಾವುದೋ ಮದುವೆಯಲ್ಲಿ ತೆಗೆದದ್ದು, ಅರ್ಧ ನಗುತ್ತಿದ್ದಾಳೆ. ಕೆಳಗೆ ಕೆಂಪಕ್ಷರದಲ್ಲಿ, ‘ವಿಕಿರಣಕ್ಕೆ ಬಲಿಯಾದ ತಾಯಿ. ಇನ್ನೆಷ್ಟು ಹೆಣ ಬೇಕು?’ ಅದಕ್ಕೂ ಕೆಳಗೆ ಗ್ರಾಮ ಪಂಚಾಯಿತಿ ಸದಸ್ಯ ಅಂಬರೀಶ್, ಕೈಮುಗಿದ ಫೋಟೊ ಸಮೇತ. ಏಣಿಯ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದವನೂ ಅವನೇ, ಮುನಿತಾಯಮ್ಮನ ತಮ್ಮ.

"ಏನ್ಲಾ ಇದು?"

"ನೀವು ಒಳಗೋಗಿ ಭಾವ. ಇದೆಲ್ಲ ನಾನು ನೋಡ್ಕೋತೀನಿ."

"ನನಗೂ ಓದೋಕೆ ಬತ್ತದೆ ಕಣಪ್ಪ. ಬಲಿ ಅಂತ ಹಾಕ್ಸಿದ್ದೀಯ. ಡಾಕ್ಟ್ರು ಹೇಳೋವಾಗ ನೀನೂ ಪಕ್ಕದಲ್ಲೇ ನಿಂತಿದ್ದೆ. ಬಿಪಿ ಏರಿ ತಲೇಲಿ ನರ ಒಡೆದೋಗೈತೆ ಅಂದ್ರು."

"ಬಿಪಿ ಯಾಕೆ ಏರ್ತು, ಅದನ್ನ ಹೇಳಿದ್ರಾ?"

"ಮಾತ್ರೆ ನುಂಗ್ತಿರಲಿಲ್ಲ. ಅದಕ್ಕೆ ಏರ್ತು."

ಅಂಬರೀಶ ಇಳಿದು ಹತ್ತಿರ ಬಂದು ದನಿ ತಗ್ಗಿಸಿದ. "ಎತ್ತಿದ ಮೇಲೆ ಫ್ಯಾಕ್ಟ್ರಿ ಗೇಟಿನ ಮುಂದೆ ಒಂದು ಗಳಿಗೆ ಇಳಿಸಾಣ ಭಾವ. ಟಿವಿಯೋರು ಬರ್ತಾವ್ರೆ. ನಿಲ್ಲಿಸಿರೋ ನೀರು, ಮಣ್ಣಿನ ಅಳತೆ ಮತ್ತೆ ಶುರು ಮಾಡ್ತೀವಿ ಅಂತ ಬರ್ದು ಕೊಡ್ಲಿ, ಎತ್ಕೊಂಡು ಹೋಗಾಣ. ಅಕ್ಕ ಬದುಕಿರೋವರ್ಗೂ ಕೇಳಿ ಕೇಳಿ ಸೋತ್ಲು. ಈಗಾದ್ರೂ ಕೊಡ್ಲಿ."

ಅವನ ಕಣ್ಣು ಕೆಂಪಗಾಗಿತ್ತು. ರಾತ್ರಿಯಿಡೀ ಅತ್ತದ್ದು ಸುಳ್ಳಲ್ಲ. ತಾಯಿ ತೀರಿಕೊಂಡಾಗ ಇನ್ನೂ ಹಾಲು ಬಿಡದಿದ್ದ ಇವನನ್ನು ಮುನಿತಾಯಮ್ಮ ತವರಿನಿಂದ ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ, ಆಗಲಿಲ್ಲವೆಂದು ಕೊರಗಿದ್ದನ್ನೂ ನರಸಿಂಹಯ್ಯ ಕಂಡಿರಲಿಲ್ಲ.

"ಆ ಗೇಟಿನ ಮುಂದೆ ಅವಳು ಕೂತಿದ್ದು ಸಾಕು ಕಣೋ," ಅಂದ. "ಸುಳ್ಳು ಹೇಳ್ಕೊಂಡು ಅಲ್ಲಿ ಮಲಗಿಸೋದು ಬ್ಯಾಡ."

"ಆಯ್ತು ಬಿಡಿ," ಅಂದ ಅಂಬರೀಶ. ಫ್ಲೆಕ್ಸು ಮಾತ್ರ ಇಳಿಯಲಿಲ್ಲ.

*

ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯಲ್ಲಿ ಮುನಿತಾಯಮ್ಮನ ಮೆಸ್ಸು. ಬೆಳಿಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಪಾಳಿ ಮುಗಿಸಿದವರು, ಲಾರಿಯವರು, ಊರವರು ಎಲ್ಲ ಅಲ್ಲೇ ಕೈತೊಳೆಯುತ್ತಿದ್ದರು. ಯಾರ ಮನೆಯ ಜಗಳ ಎಲ್ಲಿಗೆ ಬಂತು ಎಂಬುದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ. ನರಸಿಂಹಯ್ಯ ಸೌದೆ ಒಡೆದು, ನೀರು ತುಂಬಿ, ಗಲ್ಲಾದಲ್ಲಿ ಕೂರುತ್ತಿದ್ದ. ಮಾತೆಲ್ಲ ಅವಳದು.

ನಾಲ್ಕು ವರ್ಷದ ಹಿಂದೆ ಪ್ರಮೋದಾ ಮೇಡಂ ಬಂದದ್ದೂ ಇಡ್ಲಿ ತಿನ್ನಲೆಂದೇ. ಬೆಂಗಳೂರಿನಲ್ಲಿ ವಿಕಿರಣ ಸುರಕ್ಷತೆಯ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರವೊಂದರಲ್ಲಿ ಆಕೆಗೆ ಕೆಲಸ. ಊರ ಕೆರೆಯ ಆಚೆ ಒಂದು ಕಂಪನಿ ಹೊಸ ಕಾರ್ಖಾನೆ ಕಟ್ಟುತ್ತಿತ್ತು. ಆಸ್ಪತ್ರೆಯ ಸಿರಿಂಜು, ಗಾಯದ ಬಟ್ಟೆ, ಮಸಾಲೆ ಪುಡಿಗಳಿಗೆ ವಿಕಿರಣ ಹಾಯಿಸಿ ಕ್ರಿಮಿ ಕೊಲ್ಲುವ ಕಾರ್ಖಾನೆ. ಒಳಗೆ ಕೋಬಾಲ್ಟ್ ಇಡುತ್ತಾರಂತೆ, ಬಾವಿ ನೀರೆಲ್ಲ ವಿಷವಾಗುತ್ತದಂತೆ, ಹುಟ್ಟುವ ಮಕ್ಕಳಿಗೆ ಕೈಕಾಲು ಇರುವುದಿಲ್ಲವಂತೆ ಎಂದು ಊರಲ್ಲಿ ಮಾತು ಹಬ್ಬಿತ್ತು.

ಪ್ರಮೋದಾ ಹೆದರಿಸಲೂ ಇಲ್ಲ, ಏನೂ ಆಗುವುದಿಲ್ಲ ಎಂದು ನಗಲೂ ಇಲ್ಲ. "ಸರಿಯಾಗಿ ಕಟ್ಟಿ, ಸರಿಯಾಗಿ ನಡೆಸಿದ್ರೆ ಭಯ ಇಲ್ಲ ಅಮ್ಮ. ಸರಿಯಾಗಿ ನಡೀತಿದೆ ಅಂತ ನೋಡೋರು ಬೇಕು. ಅದಕ್ಕೆ ಸರ್ಕಾರ ನಮ್ಮ ಕೇಂದ್ರಕ್ಕೆ ಹಣ ಕೊಟ್ಟಿದೆ. ಕಾರ್ಖಾನೆ ತೆರೆಯೋಕೆ ಮುಂಚೆಯಿಂದ್ಲೇ ನಿಮ್ಮ ನೀರು, ಮಣ್ಣು, ಹಾಲು ಎಲ್ಲ ಅಳೀತೀವಿ. ನೋಡೋ ಸಮಿತೀಲಿ ನಿಮ್ಮ ಊರೋರೂ ಇರ್ತಾರೆ. ನಿಮಗೂ ಅದರಲ್ಲಿ ಪಾಲಿದೆ."

"ಪಾಲು ಅಂದ್ರೆ," ಅಂದಿದ್ದಳು ಮುನಿತಾಯಮ್ಮ, ಇಡ್ಲಿ ತಟ್ಟೆಗೆ ಚಟ್ನಿ ಹಾಕುತ್ತ, "ಬ್ಯಾಡ ಅನ್ನೋ ಹಕ್ಕೂ ಸೇರಿ ತಾನೆ ಮಗ?"

"ಸೇರಿ ಅಮ್ಮ."

ಆ ಒಂದು ಮಾತಿಗೆ ಅವಳು ಸಮಿತಿಗೆ ಸೇರಿದಳು. ಶಾಲೆಯ ಬಯಲಿನಲ್ಲಿ ಅಹವಾಲು ಸಭೆ ನಡೆದ ದಿನ ಅಧಿಕಾರಿಗಳು ಮಾತಾಡಲು ಎದ್ದರೆ ಜನ ಬಿಡಲಿಲ್ಲ. ಕುರ್ಚಿಗಳು ಉರುಳಿದವು. ಆಗ ಮುನಿತಾಯಮ್ಮ ಸೆರಗು ಬಿಗಿದುಕೊಂಡು ಹೋಗಿ ಮೈಕು ಹಿಡಿದಳು.

"ಕೂತ್ಕಳಿ," ಅಂದಳು. ಕೂತರು. "ಅಳತೆ ಮುಗಿಯೋವರ್ಗೂ, ಮುಗಿದು ನಾವು ಹೂಂ ಅನ್ನೋವರ್ಗೂ ಬಾಗಿಲು ತೆಗೆಯಲ್ಲ ಅಂತ ಇವರು ಮಾತು ಕೊಟ್ಟವ್ರೆ. ಕಲ್ಲು ಹೊಡೆದ್ರೆ ನಾಳೆ ಪೋಲೀಸರು ಬತ್ತಾರೆ, ಅಳತೆ ಬರಲ್ಲ. ಇವರ ಮಾತಿಗೆ ನಾನು ಹೊಣೆ. ತಪ್ಪಿದ್ರೆ ನನ್ನ ಕೇಳಿ."

ಹಿಂದಿನ ಸಾಲಿನಲ್ಲಿದ್ದ ನರಸಿಂಹಯ್ಯನಿಗೆ ಎದೆ ಉಬ್ಬಿತು. ಜತೆಗೇ, ಬೇರೆಯವರ ಮಾತಿಗೆ ಇವಳೇಕೆ ಹೊಣೆಯಾದಳು ಎಂದೂ ಅನಿಸಿತು.

*

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪ್ರಮೋದಾ ಬಂದಳು. ಸುಗಂಧರಾಜದ ಹಾರವನ್ನು ಮುನಿತಾಯಮ್ಮನ ಎದೆಯ ಮೇಲಿಟ್ಟು, ಕಾಲು ಮುಟ್ಟಿ, ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಅತ್ತಳು. ಅಳುತ್ತಿದ್ದ ಹೆಂಗಸರು ಸುಮ್ಮನಾಗಿ ಅವಳನ್ನೇ ನೋಡಿದರು. ಯಾರೂ ಜಾಗ ಬಿಡಲಿಲ್ಲ.

ಹೊರಗೆ ಬಂದವಳು ಫ್ಲೆಕ್ಸು ಓದಿ ನಿಂತುಬಿಟ್ಟಳು. ನರಸಿಂಹಯ್ಯ ಅವಳನ್ನು ಮೆಸ್ಸಿನ ಹಿಂಬದಿಗೆ ಕರೆದೊಯ್ದ.

"ನೀವು ಓದ್ದೋರು, ನೀವೇ ಹೇಳಿ ಮೇಡಂ. ಇವಳು ಸತ್ತಿದ್ದಕ್ಕೂ ಆ ಫ್ಯಾಕ್ಟ್ರಿಗೂ ಏನಾದ್ರೂ ಸಂಬಂಧ ಐತಾ?"

"ಇಲ್ಲ ಯಜಮಾನ್ರೇ. ಸ್ಟ್ರೋಕ್‌ಗೂ ಅದಕ್ಕೂ ಸಂಬಂಧ ಇಲ್ಲ."

"ಹಂಗಾದ್ರೆ ಅಷ್ಟನ್ನೇ ಆ ಜನದ ಮುಂದೆ ಬಂದು ಹೇಳಿ. ಅವಳನ್ನ ಗೇಟಿನ ಮುಂದೆ ಹಾಕ್ತಾರಂತೆ. ನನ್ನ ಮಾತು ಯಾರೂ ಕೇಳ್ತಿಲ್ಲ. ನೀವು ಹೇಳಿದ್ರೆ ಕೇಳಿದ್ರೂ ಕೇಳಬೈದು."

ಪ್ರಮೋದಾ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು. "ನಾನೀಗ ಬೇರೆ ವಿಭಾಗದಲ್ಲಿದೀನಿ. ಈ ಕಾರ್ಖಾನೆ ಬಗ್ಗೆ ಅನುಮತಿ ಇಲ್ಲದೆ ಜನರ ಮುಂದೆ ಮಾತಾಡೋ ಹಾಗಿಲ್ಲ. ಅಲ್ಲದೆ ಟಿವಿಯವರೂ ಬಂದಿದಾರೆ."

"ಒಂದು ಮಾತು ಮೇಡಂ."

"ಅವರು ಮುಂದಿನ ಪ್ರಶ್ನೆ ಕೇಳ್ತಾರೆ. ಊರಿನ ನೀರು ಸರಿಯಾಗಿದೆಯಾ ಅಂತಾರೆ. ಅಳತೆ ನಿಲ್ಲಿಸಿ ಎರಡು ವರ್ಷ ಆಯ್ತು. ಸರಿಯಾಗಿದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ ನನಗೆ."

"ಅದನ್ನೇ ಹೇಳಿ. ಗೊತ್ತಿಲ್ಲ ಅಂತ್ಲೇ ಹೇಳಿ. ಅವಳು ಬದುಕಿದ್ದಾಗ ನಿಮ್ಮ ಬಾಯಿಂದ ಅಷ್ಟು ಕೇಳಿದ್ರೂ ಸಾಕಾಗಿತ್ತು."

ಹೆಣ ಎತ್ತುವ ಮುಂಚೆಯೇ ಪ್ರಮೋದಾಳ ಕಾರು ಹೆದ್ದಾರಿಯ ಕಡೆ ಹೊರಟುಹೋಯಿತು.

*

ಎರಡು ವರ್ಷದ ಹಿಂದೆ ಸರ್ಕಾರದ ಹೊಸ ಬಜೆಟ್ಟಿನಲ್ಲಿ ಅಧ್ಯಯನಕ್ಕೆ ಹಣ ಬರಲಿಲ್ಲ. ಬಾವಿಯ ನೀರು ತುಂಬಿಸಿಕೊಂಡು ಹೋಗುತ್ತಿದ್ದ ಹುಡುಗರು ಒಂದು ತಿಂಗಳು ಬರಲಿಲ್ಲ, ಇನ್ನೊಂದು ತಿಂಗಳು ಬರಲಿಲ್ಲ. ಅಷ್ಟರಲ್ಲಿ ಕಾರ್ಖಾನೆಗೆ ಪರವಾನಗಿ ಸಿಕ್ಕಿತು. ಜನರ ಅಹವಾಲು ಕೇಳಿ ಆಗಿದೆ, ಸಮಿತಿ ರಚನೆ ಆಗಿದೆ, ಸಭೆ ಶಾಂತವಾಗಿ ನಡೆದಿದೆ ಎಂದರು ಅಧಿಕಾರಿಗಳು. ಕಾರ್ಖಾನೆಯ ಸ್ವಾಗತ ಕೋಣೆಯ ಗೋಡೆಯ ಮೇಲೆ ನಿನ್ನ ಫೋಟೊ ಹಾಕವ್ರೆ ಎಂದು ಮುನಿತಾಯಮ್ಮನಿಗೆ ಹೇಳಿದ್ದು ಊಟಕ್ಕೆ ಬಂದ ಲಾರಿ ಡ್ರೈವರು. ಮೈಕು ಹಿಡಿದು ನಿಂತ ಫೋಟೊ. ಕೆಳಗೆ ‘ಜನರ ಸಹಭಾಗಿತ್ವದೊಂದಿಗೆ’ ಎಂದು ಬರೆದಿತ್ತಂತೆ.

ಅವಳು ಮರುದಿನವೇ ಗಂಡನನ್ನು ಹೊರಡಿಸಿಕೊಂಡು ಬೆಂಗಳೂರಿನ ಕೇಂದ್ರಕ್ಕೆ ಹೋದಳು. ಪ್ರಮೋದಾ ಗೇಟಿನ ಹತ್ತಿರವೇ ಬಂದು ಮಾತಾಡಿಸಿದಳು.

"ಪ್ರಾಜೆಕ್ಟ್ ಮುಗೀತು ಅಮ್ಮ."

"ಮುಗೀತಾ, ನಿಂತೋಯ್ತಾ?"

"ಹಣ ನಿಂತೋಯ್ತು."

"ಹಂಗಾದ್ರೆ ಊರಿಗೆ ನಾನು ಏನು ಹೇಳ್ಲಿ ಮಗ?"

ಪ್ರಮೋದಾ ಅವಳ ಕೈ ಹಿಡಿದುಕೊಂಡಳು, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಮುನಿತಾಯಮ್ಮ ಒಂದು ಮಾತೂ ಆಡಲಿಲ್ಲ. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನರಸಿಂಹಯ್ಯ ನೋಡಿರಲಿಲ್ಲ.

ಊರು ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮೆಸ್ಸಿಗೆ ಬರುವುದನ್ನು ಬಿಟ್ಟರು. ಕಂಪನಿಯವರು ಅವಳ ಕೈ ಬಿಸಿ ಮಾಡಿದ್ದಾರೆ ಎಂದರು. ಪಂಚಾಯಿತಿ ಚುನಾವಣೆ ಬಂದಾಗ ಅಂಬರೀಶ ನಿಂತ. ಒಂದು ಮಧ್ಯಾಹ್ನ ಅವನ ಪ್ರಚಾರದ ಆಟೊ ಮೆಸ್ಸಿನ ಮುಂದೆಯೇ ಹಾದುಹೋಯಿತು. ಮೈಕಿನಲ್ಲಿ ಅವನದೇ ದನಿ. "ನಮ್ಮಕ್ಕನೇ ಆಗ್ಲಿ, ಊರು ಮಾರ್ದೋರನ್ನ ಈ ಅಂಬರೀಶ ಬಿಡೋನಲ್ಲ."

ಮುನಿತಾಯಮ್ಮ ಒಬ್ಬ ಲಾರಿಯವನಿಗೆ ಸಾರು ಬಡಿಸುತ್ತಿದ್ದಳು. "ಇನ್ನೊಂದು ಮುದ್ದೆ ಹಾಕ್ಲಾ?" ಎಂದು ಅವನನ್ನು ಕೇಳಿದಳು.

ಓಟಿನ ದಿನ ಸಂಜೆ ನರಸಿಂಹಯ್ಯ, "ಯಾರಿಗೆ ಹಾಕ್ದೆ?" ಅಂದ.

"ಇನ್ಯಾರಿಗೆ ಹಾಕ್ಲಿ? ಅವನಿಗೇ."

ಅಂಬರೀಶ ಗೆದ್ದ. ಅಕ್ಕನ ಮನೆಗೆ ಬರಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಮುನಿತಾಯಮ್ಮ ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಕಾರ್ಖಾನೆಯ ಗೇಟಿಗೆ ಹೋಗಿ ಕೂರುವುದು ಶುರುವಾಯಿತು. ಅಳತೆ ಯಾವಾಗ ಎಂದು ಒಳಹೋಗುವ ಕಾರುಗಳನ್ನು ಕೇಳುತ್ತಿದ್ದಳು. ಕಾವಲಿನವರು ಪಾಪ ಎಂದು ನೆರಳಿಗೆ ಕರೆಯುತ್ತಿದ್ದರು. ಮಾತ್ರೆ ನುಂಗುವುದನ್ನು ಬಿಟ್ಟದ್ದೂ ಆ ದಿನಗಳಲ್ಲೇ. ಯಾಕೆ ಎಂದು ಕೇಳಿದರೆ, ಮರೆತೋಯ್ತು ಅನ್ನುತ್ತಿದ್ದಳು.

*

ಎತ್ತುವ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ವರ್ಷ ಈ ಮನೆಯ ನೀರು ಮುಟ್ಟದವರೆಲ್ಲ ಬಂದಿದ್ದರು. ಸಾವಿನಲ್ಲಾದರೂ ಊರಿಗೆ ಬುದ್ಧಿ ಬಂತಲ್ಲ ಎಂದು ನರಸಿಂಹಯ್ಯನ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಆದರೂ ಅಂಬರೀಶನನ್ನು ಚಟ್ಟದ ಪಕ್ಕಕ್ಕೆ ಕರೆದ.

"ಎಲ್ಲಿಗೆ ಹೋಗೋದು, ಹೇಳು."

ಅಂಬರೀಶ ಅವನ ಎರಡೂ ಕೈ ಹಿಡಿದು ಅಕ್ಕನ ಹಣೆಯ ಮೇಲಿಟ್ಟ. ಹಣೆ ತಣ್ಣಗಿತ್ತು. "ಅಕ್ಕನ ಮೇಲಾಣೆ ಭಾವ. ಸೀದಾ ಮಣ್ಣಿಗೆ."

ನರಸಿಂಹಯ್ಯ ನಂಬಿದ. ತನ್ನ ಕೈ ಹಿಡಿದ ಈ ಕೈಗಳಿಗೆ ಅಕ್ಷರ ತಿದ್ದಿಸಿದವಳು ಅವಳು.

ಹಿರಿಯ ಚಿಕ್ಕವೆಂಕಟಪ್ಪ ಕೆಂಡದ ಮಡಕೆಯನ್ನು ಅವನ ಕೈಗಿಟ್ಟು, "ಮುಂದೆ ನಡಿ. ಗುಣಿ ಮುಟ್ಟೋವರ್ಗೂ ಹಿಂದಕ್ಕೆ ತಿರುಗಬ್ಯಾಡ, ಹೋಗೋರಿಗೆ ದಾರಿ ತಪ್ಪತದೆ," ಅಂದ.

ನಡೆದ. ಬೆನ್ನಿಗೆ ಟಮಟೆ, ಹೆಂಗಸರ ಅಳು, ಎರಚುವ ಪುರಿ ಮತ್ತು ಚೆಂಡುಹೂವಿನ ಸಪ್ಪಳ. ಬೀದಿ ದಾಟಿ, ಮೆಸ್ಸಿನ ಮುಂದೆ ಹಾದು, ಕೆರೆ ಏರಿಯ ಬುಡಕ್ಕೆ ಬಂದರು. ಅಲ್ಲಿ ದಾರಿ ಒಡೆಯುತ್ತದೆ. ಬಲಕ್ಕೆ ಮಸಣ, ಎಡಕ್ಕೆ ಕಾರ್ಖಾನೆಯ ಡಾಂಬರು ರಸ್ತೆ. ನರಸಿಂಹಯ್ಯ ಬಲಕ್ಕೆ ತಿರುಗಿದ.

ಟಮಟೆ ನಿಂತಿತು. ಹೆಗಲು ಬದಲಿಸಲು ಇಳಿಸಿರಬೇಕು ಎಂದುಕೊಂಡು ಹೆಜ್ಜೆ ನಿಧಾನ ಮಾಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯತೊಡಗಿದರು. ಸದ್ದು ತೆಳ್ಳಗೆ ಕೇಳಿತು. ಏರಿಯ ಮರೆ, ಗಾಳಿ ಬೇರೆ ಎದುರಿಗಿದೆ, ಅಂದುಕೊಂಡ. ಮಡಕೆಯ ಕಾವು ಅಂಗೈಗೆ ಹತ್ತುತ್ತಿತ್ತು. ಅವಳಿಗೆ ದಾರಿ ತಪ್ಪಬಾರದೆಂದು ಕತ್ತು ಅಲುಗಿಸದೆ ನಡೆದ.

ಗುಣಿ ತೋಡುತ್ತಿದ್ದ ಬೈರಣ್ಣ ಕೊನೆಯ ಬಾಂಡಲಿ ಮಣ್ಣನ್ನು ಮೇಲಕ್ಕೆ ಸುರಿದು, ಎದೆಮಟ್ಟದ ಗುಂಡಿಯಲ್ಲೇ ನೆಟ್ಟಗೆ ನಿಂತ. ಮೊದಲು ನರಸಿಂಹಯ್ಯನ ಮುಖ ನೋಡಿದ. ಆಮೇಲೆ ಅವನ ಹೆಗಲಾಚೆ ನೋಡಿದ.

"ಎಲ್ಲಣ್ಣ?"

"ಏನು?"

"ಅಕ್ಕ ಎಲ್ಲಿ?"

ಕೆರೆಯಾಚೆಯಿಂದ ಮೈಕು ಕಿರ್ರೆಂದಿತು. ಮುನಿತಾಯಮ್ಮನಿಗೆ ಜಯವಾಗಲಿ ಎಂದು ಒಬ್ಬ ಕೂಗಿದ, ಊರೆಲ್ಲ ಕೂಗಿತು. ಆಮೇಲೆ ಅಂಬರೀಶನ ದನಿ. "ನಮ್ಮಕ್ಕ" ಎಂದು ಶುರುಮಾಡಿ, ಮುಂದೆ ಹೇಳಲಾಗದೆ ಮೈಕಿನಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ನರಸಿಂಹಯ್ಯ ತಿರುಗಿ ನೋಡಿದ. ಏರಿಯ ಬುಡದಿಂದ ಅವನ ಕಾಲಬುಡದವರೆಗೆ ಕೆಂಪು ಮಣ್ಣಿನ ದಾರಿ ಬೋಳಾಗಿ ಬಿದ್ದಿತ್ತು. ಅದರ ಮೇಲೆ ಒಂದು ಪುರಿಯ ಕಾಳಿಲ್ಲ, ಒಂದು ಹೂವಿನ ಎಸಳಿಲ್ಲ.