ಕತ್ತರಿ ತಡೆಯುವ ಸೀಸೆ

ಪ್ರಯೋಗಾಲಯದ ಕೊಳವೆಯೊಳಗೆ ಹಸಿರು ಎರಡು ಪಟ್ಟಿಯಾಗಿ ನಿಂತಿದೆ, ಮೇಲಿನದು ಒಡೆದುಹೋದ ಕ್ಲೋರೋಪ್ಲಾಸ್ಟುಗಳದು, ಎಲೆಯ ಹಸಿರು ಕಣಗಳದು, ಕೆಳಗಿನದು ಇಡಿಯಾಗಿ ಉಳಿದವುಗಳದು, ಇವಳಿಗೆ ಬೇಕಾದದ್ದು ಕೆಳಗಿನದು, ಎಷ್ಟು ತೆಳ್ಳಗಿದೆ ಇವತ್ತು, ಬಟಾಣಿ ಸಸಿಗಳನ್ನು ಬೆಳಕೇರುವ ಮೊದಲೇ ಕೊಯ್ಯಬೇಕಿತ್ತು, ಬೆಳಕು ಉಂಡ ಎಲೆಯಲ್ಲಿ ಪಿಷ್ಟ ತುಂಬಿ ಯಂತ್ರದ ತಿರುಗಾಟಕ್ಕೆ ಎಲ್ಲ ಒಡೆಯುತ್ತವೆ, ಗೊತ್ತಿದ್ದೂ ತಡವಾಯಿತು, ಬೆಳಿಗ್ಗೆ ಮನೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳಲ್ಲ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು — ಚಿಕ್ಕಮ್ಮ, ನಾನು ಮಾವನ ಮನೆಗೆ ಹೋಗ್ಬಿಡ್ಲಾ, ಮಧ್ಯಾಹ್ನದ ಬಸ್ಸಿಗೆ, ಅಲ್ಲೇ ಇದ್ಬಿಡ್ತೀನಿ. ಇವಳು ಗೋಡೆಯ ಗಡಿಯಾರ ನೋಡಿದಳು. ನಿನ್ನಿಷ್ಟ ಕಣೇ ಅಂದಳು. ನಿನ್ನಿಷ್ಟ! ಗಂಡನ ಮೊದಲ ಹೆಂಡತಿಯ ಮಗಳು, ತಾಯಿ ಸತ್ತ ಮನೆ, ಆ ಮನೆಗೆ ಆಮೇಲೆ ಬಂದವಳು ಇವಳು, ಹೆತ್ತವಳಲ್ಲ, ಹೊತ್ತವಳಲ್ಲ, ಬೇಡ ಅನ್ನಲು ನಾನ್ಯಾರು ಅನ್ನಿಸಿತೋ, ಸಸಿಗಳ ಅವಸರವೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದಳು ಅಜ್ಜಿ, ಆಡದೇ ಉಳಿದ ಮಾತಿಗೆ ಏನು ಗಾದೆ ಅಜ್ಜೀ. ಏನಕ್ಕಾ, ಬಟಾಣಿ ಜ್ಯೂಸು ಸೋಸಿದ್ದಾಯ್ತಾ, ನಮಗೂ ಒಂದು ಲೋಟ ಇರ್ಲಿ — ಪಕ್ಕದ ಮೇಜಿನ ಕನ್ನಡಕದವನು, ದಿನಾ ಅದೇ ಹಾಸ್ಯ, ದಿನಾ ತಾನೇ ನಗುತ್ತಾನೆ. ಕುಡಿದ್ರೆ ನೀನೂ ಹಸುರಾಗ್ತೀಯ ಹೋಗೋ, ಅಂದಳು, ಅವನಿಗೆ ಕೊಡಲು ಮಾತು ಇತ್ತು, ಹುಡುಗಿಗೆ ಇರಲಿಲ್ಲ.

ಕೆಳಗಿನ ಪಟ್ಟಿಯನ್ನು ಹೀರಿ, ತೊಳೆದು, ಮಂಜುಗಡ್ಡೆಯ ಮೇಲೆ ಇಟ್ಟಳು, ತಂಪು ತಪ್ಪಿದರೆ ಸಾಯುತ್ತವೆ, ಆಮೇಲೆ ಹೊರಗೆ ತಯಾರಾದ ಪ್ರೋಟೀನು ಬೆರೆಸಿ ದೀಪದ ಕೆಳಗೆ, ಈಗ ಕ್ಲೋರೋಪ್ಲಾಸ್ಟಿನ ಒಳಗೆ ಹೋಗುತ್ತಿರಬೇಕು, ಕಣ್ಣಿಗೆ ಕಾಣುವುದಿಲ್ಲ, ಅಜ್ಜಿಯ ಕಥೆಯ ಏಳು ಸುತ್ತಿನ ಕೋಟೆಯ ಹಾಗೆ, ಇಲ್ಲಿ ಎರಡೇ ಸುತ್ತು, ಎರಡು ಬಾಗಿಲು, ಪ್ರೋಟೀನಿನ ಮುಂದೆ ಒಂದು ತುಂಡು ಗುರುತು ಅಂಟಿಕೊಂಡಿರುತ್ತದೆ, ಗುರುತು ಕಂಡರೆ ಬಾಗಿಲು ತೆರೆಯುತ್ತದೆ, ಮಡಿಕೆ ಬಿಚ್ಚಿ ನೂಲಾಗಿ ಒಳಗೆ ನುಸುಳಿದರೆ ಒಳಗಿರುವ ಕತ್ತರಿಯೊಂದು ಆ ಗುರುತನ್ನು ಕತ್ತರಿಸಿಬಿಡುತ್ತದೆ, ಇನ್ನು ನೀನು ಈ ಮನೆಯದು ಅನ್ನುವ ಹಾಗೆ. ಎಲೆಯೊಂದರೊಳಗೆ ಇಷ್ಟು ಬಾಗಿಲು ಇಟ್ಟವನೇ, ಸ್ವಾಮಿ, ಮನುಷ್ಯರ ಮನೆಗೆ ಬಾಗಿಲೊಂದನ್ನೇ ಇಟ್ಟು ಗುರುತು ಹೇಳಿಕೊಡದೆ ಹೋದೆಯಲ್ಲ. ಒಳಗೆ ಎಳೆಯಲು ಶಕ್ತಿ ಬೇಕು, ಸಾಲದಿದ್ದರೆ ಪ್ರೋಟೀನು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ತಲೆ ಒಳಗೆ, ಬಾಲ ಹೊರಗೆ, ಎಷ್ಟೋ ಸಲ ನೋಡಿದ್ದಾಳೆ, ಚಿಟಿಕೆಯಷ್ಟು ಶಕ್ತಿ ಕೊಟ್ಟರೆ ಸಾಕು, ಸರಕ್ಕನೆ ಒಳಗೆ — ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಎಷ್ಟು ಹೊತ್ತು ನಿಂತಿದ್ದಳು ಹುಡುಗಿ, ಹೋಗುವವಳು ಹಾಗೆ ನಿಲ್ಲುತ್ತಾಳೆಯೇ.

ಶಾಲು. ಎಲ್ಲ ಆ ಶಾಲಿನಿಂದ. ಅದು ಸತ್ತ ತಾಯಿಯದು, ದಿಂಬಿನ ಕೆಳಗೆ ಮಡಿಸಿ ಇಟ್ಟುಕೊಂಡಿದ್ದಳು ಹುಡುಗಿ, ಒಗೆಯಲು ಯಾರಿಗೂ ಕೊಟ್ಟವಳಲ್ಲ, ಇವಳು ಹೋದ ವಾರ ಹಾಸಿಗೆಯ ಬಟ್ಟೆಯ ಜೊತೆ ಬಿಸಿನೀರಿಗೆ ಅದ್ದಿ ಸೋಪು ಹಾಕಿ ತಿಕ್ಕಿ, ನೋಡೇ, ಹೇಗೆ ಘಮ್ ಅಂತಿದೆ! ಅಂದಿದ್ದಳು. ಹುಡುಗಿ ಶಾಲಿಗೆ ಮೂಗು ಒತ್ತಿದಳು, ಒಂದು ಮೂಲೆ, ಇನ್ನೊಂದು ಮೂಲೆ, ಅಂಚಿನುದ್ದಕ್ಕೂ ಹುಡುಕಿದಳು. ಕೂಗಾಡಲಿಲ್ಲ. ಹೋಗ್ಲಿ ಬಿಡಿ ಚಿಕ್ಕಮ್ಮ, ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿತ್ತು. ನೀರಿಗೆ ಅದ್ದುವ ಮೊದಲು ಇವಳೂ ಒಮ್ಮೆ ಮೂಸಿದ್ದಳು.

ಈಗ ಹೊರಗಿನ ಕತ್ತರಿ, ಒಳಗೆ ಹೋಗದೆ ಉಳಿದದ್ದನ್ನೆಲ್ಲ ಚೂರುಚೂರು ಮಾಡುವ ಕಿಣ್ವ, ಅದಕ್ಕೆ ಕರುಣೆಯಿಲ್ಲ, ಒಳಗೆ ಸೇರಿದ್ದು ಮಾತ್ರ ಉಳಿಯುತ್ತದೆ, ಯಾವುದು ಒಳಗಿನದು ಎಂದು ತಿಳಿಯಲು ಇದೊಂದೇ ದಾರಿ, ಕೊಳವೆಗೆ ಬಿಟ್ಟಳು, ಫೋನು ಮಾಡಲೇ, ಬಸ್ಸಿಗೆ ಇನ್ನೂ ಹೊತ್ತಿದೆ, ಬೇಡ ಕಣೇ, ಇರು, ಇಷ್ಟೇ ತಾನೇ ಮಾತು, ಕೈಯಲ್ಲಿ ಗ್ಲೌಸು, ಇದೊಂದು ಮುಗಿಯಲಿ, ಇದನ್ನು ನಡುವೆ ಬಿಡುವ ಹಾಗಿಲ್ಲ, ಬೇಡ ಕಣೇ, ಬೇಡ ಕಣೇ ಎಂದು ಬಾಯಿಪಾಠ ಮಾಡುತ್ತಲೇ ಅರ್ಧ ಗಂಟೆ ಕಳೆದಳು, ಹಾಗೆಯೇ ಒಡೆಯುವ ದ್ರವ ಸುರಿದಳು, ಕ್ಲೋರೋಪ್ಲಾಸ್ಟುಗಳು ಒಡೆದವು, ಹಸಿರು ಕದಡಿತು, ಇನ್ನು ಒಳಗಿನದನ್ನು ತೆಗೆದು ನೋಡುವುದಷ್ಟೇ. ಅಕ್ಕಾ, ಕನ್ನಡಕದವನು ಒಂದು ಪುಟ್ಟ ಸೀಸೆ ಎತ್ತಿ ಹಿಡಿದಿದ್ದಾನೆ, ಈಗ ನಗುವಿಲ್ಲ, ಅಕ್ಕಾ, ಕತ್ತರಿ ತಡೆಯೋದು ಇದೇ ಅಲ್ವಾ, ಇದರ ಸೀಲೇ ಒಡೆದಿಲ್ವಲ್ಲ.

ತಡೆಯದ ಕತ್ತರಿ, ಒಡೆದ ಗೋಡೆ, ಸೀಸೆ ಮೊದಲು, ಒಡೆಯುವುದು ಆಮೇಲೆ ಆಗಬೇಕಿತ್ತು. ಒಳಗಿದ್ದುದನ್ನೂ ತಿನ್ನುತ್ತಿದೆ ಈಗ, ಗುರುತು ಕಳೆದುಕೊಂಡು ಆ ಮನೆಯದೇ ಆಗಿ ನೆಮ್ಮದಿಯಾಗಿದ್ದುದನ್ನೂ, ಈಗ ಸೀಸೆ ತೆರೆದು ಏನು ಬಂತು, ಗ್ಲೌಸು ಕಿತ್ತೆಸೆದು ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು, ಗಂಡ — ಬಸ್ಸು ಹತ್ತಿಸಿ ಬಂದೆ ಕಣೇ, ಅಳಲಿಲ್ಲ ಮಗು, ಕಿಟಕೀಲಿ ಕೂತ್ಲು, ಆದ್ರೆ ಆ ಶಾಲು ಬಿಟ್ಟುಹೋಗಿದ್ದಾಳೆ ನೋಡು, ಮರೆತಿಲ್ಲ, ನೀಟಾಗಿ ಮಡಿಸಿ ನಿನ್ನ ದಿಂಬಿನ ಮೇಲೆ ಇಟ್ಟಿದ್ದಾಳೆ, ಯಾಕೆ, ಏನಾಯ್ತು ನಿಮ್ಮಿಬ್ಬರ ನಡುವೆ, ಕೇಳಿಸ್ತಿದ್ಯಾ — ಕೇಳಿಸುತ್ತಿದೆ, ಮಂಜುಗಡ್ಡೆ ಕರಗಿ ತೊಟ್ಟಿಕ್ಕುವುದೂ ಕೇಳಿಸುತ್ತಿದೆ, ಬಾಗಿಲಲ್ಲಿ ಹುಡುಗಿ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಚಪ್ಪಲಿಯ ಕಾಲು ಹೊಸ್ತಿಲಿನಾಚೆ, ಬರಿಗಾಲು ಇನ್ನೂ ಒಳಗೆ, ಬರಿಗಾಲು ಒಳಗೆ —