ಮೂವತ್ತೊಂದನೆಯ ದಿನ

ಕಾರ್ಖಾನೆಯಲ್ಲಿ ಬಾಯ್ಲರಿನ ವಾಲ್ವ್ ಸಿಡಿದು ಮೈಯೆಲ್ಲ ಬೆಂದುಹೋಗಿದ್ದ ಗಂಡ ಆಸ್ಪತ್ರೆಯಲ್ಲಿ ಆರನೆಯ ದಿನ ಕಣ್ಣು ತೆರೆದ. ಗಂಟಲಿಗೆ ಕೊಳವೆ ಇಳಿಸಿದ್ದರಿಂದ ಮಾತಿಲ್ಲ. ಸುಡದೆ ಉಳಿದಿದ್ದ ಎರಡು ಬೆರಳಿನಿಂದ ಹೆಂಡತಿಯ ಅಂಗೈ ಮೇಲೆ ‘ಸಾಕು’ ಎಂದು ಬರೆದ. ಅವಳಿಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಹೊದಿಕೆ ಸರಿಮಾಡಿದಳು.

ಡಾಕ್ಟರಮ್ಮ ಸುತ್ತಿಬಳಸಲಿಲ್ಲ. “ಉಳಿಯೋದಿಲ್ಲಮ್ಮ. ವೆಂಟಿಲೇಟರ್ ತೆಗೆದು, ನೋವು ಗೊತ್ತಾಗದ ಹಾಗೆ ಕಳಿಸಿಕೊಡಬಹುದು. ನೀವು ಒಪ್ಪಬೇಕು ಅಷ್ಟೆ.”

ಒಪ್ಪಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಓಡೋಡಿ ಬಂದ. ಕೆಲಸಗಾರರು ಬೆನ್ನ ಹಿಂದೆ ಅವನನ್ನು ‘ಟೋಪಿ ಸಾಹೇಬ’ ಎನ್ನುತ್ತಿದ್ದರು. ತನ್ನ ತಲೆಗೆ ಹೆಲ್ಮೆಟ್ಟು, ಊರವರಿಗೆಲ್ಲ ಟೋಪಿ.

“ಅಕ್ಕಾ, ನನ್ನನ್ನ ನಿಮ್ಮ ತಮ್ಮ ಅಂದ್ಕೊಳ್ಳಿ. ಉಸಿರಾಡ್ತಿರೋ ಮನುಷ್ಯನನ್ನ ಕೈಯಾರೆ ಕಳಿಸ್ತೀರಾ? ಖರ್ಚು ನಮಗೆ ಬಿಡಿ. ಒಂದು ತಿಂಗಳು ನೋಡೋಣ.” ಕಣ್ಣಲ್ಲಿ ನೀರನ್ನೂ ತಂದುಕೊಂಡ, ಪುಣ್ಯಾತ್ಮ.

ಅವಳು ಕರಗಿಹೋದಳು. ಬದುಕಿಬಿಟ್ಟಾನೇನೋ ಎಂಬ ಆಸೆ ಯಾರನ್ನು ಬಿಟ್ಟಿದೆ? ದಿನಾ ಬೆಳಿಗ್ಗೆ ಗಾಯದ ಪಟ್ಟಿ ಬಿಚ್ಚುವಾಗ ಗಂಡನ ಮೈ ಹಾಸಿಗೆಯಿಂದ ಮೇಲೇಳುತ್ತಿತ್ತು. ಆಮೇಲೆ ಅದೇ ಎರಡು ಬೆರಳು, ಅದೇ ‘ಸಾಕು’. ಹದಿನೈದನೆಯ ದಿನದಿಂದ ಅವಳು ಅಂಗೈ ಕೊಡುವುದನ್ನೇ ನಿಲ್ಲಿಸಿದಳು. ಟೋಪಿ ಸಾಹೇಬ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. “ಒಡಹುಟ್ಟಿದವರೂ ಇಷ್ಟು ಮಾಡಲ್ಲ” ಎಂದು ಅತ್ತೆ ಬಾಯ್ತುಂಬ ಹರಸುತ್ತಿದ್ದಳು.

ಮೂವತ್ತೊಂದನೆಯ ದಿನ ಅವನ ಸುಳಿವಿಲ್ಲ. ಇವಳೇ ಫೋನ್ ಮಾಡಿದಳು.

“ಇನ್ನು ನಿಮ್ಮಿಷ್ಟ ಅಕ್ಕಾ. ಪಾಪ, ಎಷ್ಟು ದಿನ ಅಂತ ನರಳಿಸ್ತೀರಿ?” ಎಂದ.

ಮಾರನೆಯ ಮಧ್ಯಾಹ್ನ ವೆಂಟಿಲೇಟರ್ ತೆಗೆದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ವಾರದಲ್ಲಿ ಕಾರ್ಖಾನೆಯ ಪತ್ರ ಬಂತು. ‘ಅನಾರೋಗ್ಯದಿಂದ ಮರಣ’ ಎಂದಿತ್ತು. ಅವಳಿಗೆ ಮೈ ಉರಿದುಹೋಯಿತು. ವಾಲ್ವ್ ಸೋರುತ್ತಿದೆ ಎಂದು ಗಂಡ ಎರಡು ಸಲ ಬರೆದುಕೊಟ್ಟಿದ್ದ, ಎರಡು ಸಲವೂ ಬೈಸಿಕೊಂಡಿದ್ದ. ಆ ವಾಲ್ವನ್ನು ಯಾರಾದರೂ ಬಿಚ್ಚಿ ನೋಡಲಿ, ಅವನು ಹೇಳಿದ್ದು ನಿಜವೆಂದು ಸರ್ಕಾರದ ಕಡತದಲ್ಲಿ ಒಂದು ಸಾಲು ಬೀಳಲಿ. ಅವಳಿಗೆ ಬೇಕಾಗಿದ್ದು ಇಷ್ಟೇ. ಅದಕ್ಕೇ ಕಾರ್ಖಾನೆಗಳ ತನಿಖಾ ಕಚೇರಿಯ ಮೆಟ್ಟಿಲು ಹತ್ತಿದಳು.

ಅಲ್ಲಿಯ ಗುಮಾಸ್ತ ಒಳ್ಳೆಯವನೇ. ಕುರ್ಚಿ ಕೊಟ್ಟ, ಕಾಗದ ಪೂರ್ತಿ ಓದಿದ, ಬೆರಳು ಮಡಿಸಿ ದಿನ ಎಣಿಸಿದ.

“ಅಪಘಾತ ಆಗಿ ಮೂವತ್ತು ದಿನದೊಳಗೆ ಸತ್ತರೆ ಮಾತ್ರ ಅದು ಕೆಲಸದ ಸಾವು ಕಣಮ್ಮ. ಹಾಗಾಗಿದ್ರೆ ನಾವೇ ಹೋಗಿ ಆ ವಾಲ್ವ್ ಬಿಚ್ತಿದ್ವಿ. ಒಂದು ದಿನ ದಾಟಿದರೂ ಬರೀ ಕಾಯಿಲೆ. ತನಿಖೆ ಇಲ್ಲ.”

“ಈ ನಿಯಮ ಕಾರ್ಖಾನೆಯ ಸುರಕ್ಷತಾ ಅಧಿಕಾರಿಗೆ ಗೊತ್ತಿರುತ್ತಾ?”

“ಅವರಿಗೆ ಬಾಯಿಪಾಠ.”

ಅವಳು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. ಗುಮಾಸ್ತನಿಗೆ ಕನಿಕರ ಉಕ್ಕಿತು. “ನಿಮ್ಮ ಗ್ರಹಚಾರ ನೋಡಿ. ಎರಡೇ ಎರಡು ದಿನ ಮುಂಚೆ ಹೋಗಿದ್ರೆ ಸಾಕಿತ್ತು.”

“ಅವರು ಆರನೇ ದಿನವೇ ಹೊರಟಿದ್ರು ಸ್ವಾಮಿ” ಎಂದಳು ಅವಳು. “ನಾನೇ ಬಿಡಲಿಲ್ಲ.”