ನಲವತ್ತೇಳನೇ ಮಿಷನ್ನಿನ ಮುಯ್ಯಾಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬಾಯಲ್ಲಿರುವ ಈ ಮಿರ್ಚಿ ಗಂಟಲಲ್ಲೇ ನಿಂತುಬಿಡಲಿ. ಮೇಲೆ ಕೊಟ್ಟೂರ ಬಸವೇಶ್ವರನ ಆಣೆ ಬೇರೆ. ನಂಬಿಕೆ ಬಾರದಿದ್ದರೆ ನಡುವೆ ಎದ್ದು ಹೋಗಬಹುದೆಂದು ಹುಲುಗೇಶನಿಗೆ ಮೊದಲೇ ಹೇಳಿದ್ದಾಗಿದೆ. ಬಾಗಳಿಯ ಟೇಲರ್ ಈ ಹುಲುಗೇಶ ಬೆಳಗಿನ ಬಸ್ಸಿಗೆ ಬಂದು, ಕೊಟ್ಟೂರಿನ ಗಾರ್ಮೆಂಟ್ಸ್ ಗೇಟಿನೆದುರಿನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತು, ಅಂಗಿಯ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ಈ ಕಂಪನಿಯ ಬಗ್ಗೆ ಊರಲ್ಲಿ ಆಡಿಕೊಳ್ಳುವುದೆಲ್ಲ ನಿಜವೇ ಎಂದು ಕೇಳಿದ. ನಿಜ. ಊರವರು ಸ್ವಲ್ಪ ಕಡಿಮೆ ಮಾಡಿಯೇ ಹೇಳಿದ್ದಾರೆ.

ಈ ಕಂಪನಿಯಲ್ಲಿ ಆಳು ತೆಗೆದುಕೊಳ್ಳುವ ಕೆಲಸ ಅರುಣಕುಮಾರನದು. ಎಚ್.ಆರ್. ಆಫೀಸರ್ ಎಂದು ಬಾಗಿಲ ಮೇಲೆ ಬರೆದಿದೆ. ಹರಪನಹಳ್ಳಿಯವನು, ದಾವಣಗೆರೆಯಲ್ಲಿ ಎಂಬಿಎ ಓದಿದವನು. ಸರಿಯಾದ ಕುರ್ಚಿಗೆ ಸರಿಯಾದ ವ್ಯಕ್ತಿಯನ್ನು ಕೂರಿಸುವುದೇ ನೇಮಕಾತಿ ಎಂದು ಅವನ ಪುಸ್ತಕದ ಮೊದಲ ಪಾಠದಲ್ಲಿತ್ತು. ಅದರ ಕೆಳಗೆ ಅವನು ಎರಡು ಗೆರೆ ಎಳೆದಿದ್ದ. ಅದರಂತೆಯೇ ನಡೆದ ಕೂಡ. ಒಂದು ಶರ್ಟಿನ ಕಾಲರು ಹನ್ನೆರಡು ನಿಮಿಷದಲ್ಲಿ ಹೊಲಿಯಬೇಕು, ಆಮೇಲೆ ಸಂದರ್ಶನ. ಇನ್ನೈದು ವರ್ಷಕ್ಕೆ ನಿಮ್ಮನ್ನು ಎಲ್ಲಿ ನೋಡಬಹುದು ಎಂದು ಅವನು ಕೇಳಿದರೆ, ಹಿರೇಹಡಗಲಿಯ ಕೊಟ್ರಬಸಮ್ಮ, "ನಮ್ಮ ಮನ್ಯಾಗ ನೋಡಬೌದ್ರಿ ಸರ, ಊಟಕ್ಕ ಬರ್ರಿ" ಅಂದಳು. ಅವಳಿಗೆ ನಲವತ್ತೇಳನೇ ಮಿಷನ್ ಕೊಟ್ಟ. ಹೀಗೆ ನೂರಾ ನಲವತ್ತು ಹೆಂಗಸರನ್ನು ಆರಿಸಿದ. ಐವತ್ತು ದಾಟಿದ ಕನಕಮ್ಮ ಎಂಬಾಕೆ ಮಾತ್ರ ಕಾಲರಿಗೆ ಹದಿನೈದು ನಿಮಿಷ ತೆಗೆದುಕೊಂಡಳು. ನಪಾಸು. ಮರುಕಪಟ್ಟು ಕಸ ಗುಡಿಸುವ ಕೆಲಸ ಕೊಟ್ಟ.

ಅವನದೂ ಒಂದು ವರ್ಷದ ತಾತ್ಕಾಲಿಕ ನೌಕರಿಯೇ. ವರ್ಷ ತುಂಬಿದ ಮೇಲೆ ಕೆಲಸ ಸರಿಯಿದ್ದರೆ ಖಾಯಂ, ಇಲ್ಲದಿದ್ದರೆ ಮನೆ.

ಕೆಲಸ ಸರಿಯಿತ್ತು. ಇದ್ದದ್ದೇ ತೊಂದರೆಯಾಯಿತು. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಒಂದು ಕುರ್ಚಿಯೂ ಖಾಲಿ ಬೀಳಲಿಲ್ಲ. ಹಬ್ಬಕ್ಕೆ ನೂರಾ ನಲವತ್ತು, ಹಬ್ಬದ ಮರುದಿನವೂ ನೂರಾ ನಲವತ್ತು. ಬಾಗಳಿಯಲ್ಲಿ ಮನೆಮನೆಗೂ ಜ್ವರ ಬಂದ ವಾರದಲ್ಲಿ ಬಾಗಳಿಯ ಬಸ್ಸು ತುಂಬಿಕೊಂಡೇ ಬಂತು. ನಾಲ್ವರು ಹೆರಿಗೆಗೆ ಹೋದರು, ಹಾಜರಿ ಇಳಿಯಲಿಲ್ಲ. ಬೆಂಗಳೂರಿನ ಹೆಡ್ ಆಫೀಸಿನವರು ಮೊದಲು ಅರುಣಕುಮಾರನಿಗೆ ಪ್ರಶಸ್ತಿಪತ್ರ ಕಳಿಸಿದರು. ಎರಡನೇ ಸಲ ಯೋಚನೆ ಮಾಡಿದರು. ಮೂರನೇ ಸಲ, ಮನುಷ್ಯರು ಇಷ್ಟು ಸರಿಯಾಗಿ ಕೆಲಸಕ್ಕೆ ಬರುವುದು ಸಾಧ್ಯವಿಲ್ಲವೆಂದೂ, ಸೋಮವಾರ ಭೂಮಿಕಾ ಮೇಡಂ ತಪಾಸಣೆಗೆ ಬರುತ್ತಾರೆಂದೂ, ಅವನನ್ನು ಖಾಯಂ ಮಾಡುವ ಪತ್ರ ಅವರ ಬ್ಯಾಗಿನಲ್ಲೇ ಇರುತ್ತದೆಂದೂ ಮೇಲ್ ಮಾಡಿದರು.

ಶನಿವಾರ ಅರುಣಕುಮಾರ್ ಮೊಟ್ಟಮೊದಲ ಬಾರಿಗೆ ಮಿಷನ್ ಬಿಟ್ಟು ಮುಖ ನೋಡುತ್ತ ಹೊಲಿಗೆ ಹಾಲ್‌ನಲ್ಲಿ ನಡೆದ. ನಲವತ್ತೇಳರಲ್ಲಿ ನಿಂತ. ಅಲ್ಲಿ ಕೂತವಳ ಕೊರಳಲ್ಲಿದ್ದ ಕಾರ್ಡಿನಲ್ಲಿ ಕೊಟ್ರಬಸಮ್ಮನ ಫೋಟೋ ಇತ್ತು. ಕಾರ್ಡು ಹಾಕಿಕೊಂಡವಳಿಗೆ ಇಪ್ಪತ್ತು ವರ್ಷ ಹೆಚ್ಚಾಗಿತ್ತು, ಮೂಗು ಬೇರೆಯಿತ್ತು. ಕಾಲರು ಮಾತ್ರ ಕೊಟ್ರಬಸಮ್ಮನದಕ್ಕಿಂತ ನೇರವಾಗಿತ್ತು.

"ನೀವು ಕೊಟ್ರಬಸಮ್ಮ ಏನಮ್ಮಾ?"

"ಅಲ್ರಿ ಸರ, ಆಕಿ ಹೊಲಕ್ಕ ಹೋಗ್ಯಾಳ. ನಾನು ಆಕಿ ಮುಯ್ಯಾಳು." ಕೈ ನಿಲ್ಲಿಸದೆ, ಹೆಸರು ಕೇಳಿದವರಿಗೆ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದಳು.

ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯಿಲ್ಲ, ಕಾಗದವಿಲ್ಲ. ಅದು ಮುಯ್ಯಿ. ಹಾಗೆ ಬಂದವರು ಮುಯ್ಯಾಳು. ಅರುಣಕುಮಾರನ ಅಜ್ಜಿಯೂ ಮಾಡಿದ್ದಳು, ಆದರೆ ಅವನ ಪುಸ್ತಕದಲ್ಲಿ ಆ ಪಾಠ ಇರಲಿಲ್ಲ. ಅವನು ಉಳಿದ ಕಾರ್ಡುಗಳನ್ನೂ ನೋಡಿದ. ಆವತ್ತು ಕೂತಿದ್ದ ನೂರಾ ನಲವತ್ತರಲ್ಲಿ ಮೂವತ್ತೊಂದು ಜನರನ್ನು ಅವನು ನೇಮಿಸಿಯೇ ಇರಲಿಲ್ಲ.

ಹೆಬ್ಬೆಟ್ಟು ಒತ್ತುವ ಹಾಜರಿ ಮಿಷನ್ ಇದನ್ನು ಹೇಗೆ ಬಿಟ್ಟಿತೆಂದು ನೋಡಲು ಹೋದ. ಹುಣಸೆಹಣ್ಣು ಬಿಡಿಸಿ, ಕುಡಗೋಲು ಹಿಡಿದು ಈ ಹೆಂಗಸರ ಬೆರಳಿನ ಗೆರೆಗಳು ಎಂದೋ ಸವೆದುಹೋಗಿದ್ದವು. ಮೊದಲ ದಿನ ಅದು ಒಬ್ಬರನ್ನೂ ಒಪ್ಪಲಿಲ್ಲವೆಂದು ರಿಪೇರಿಯವನು ಅದರ ಬಿಗಿ ಸಡಿಲಿಸಿ ಹೋಗಿದ್ದ. ಎಷ್ಟು ಸಡಿಲಿಸಿದ್ದನೆಂದರೆ, ಅರುಣಕುಮಾರ್ ತನ್ನ ಊಟದ ಡಬ್ಬಿಯಿಂದ ಒಂದು ಹಸಿಮೆಣಸಿನಕಾಯಿ ತೆಗೆದು ಒತ್ತಿದಾಗಲೂ ಮಿಷನ್ ಮರ್ಯಾದೆಯಿಂದ ಥ್ಯಾಂಕ್ಯೂ ಅಂದಿತು.

ಇದನ್ನೆಲ್ಲ ನಡೆಸುವವರು ಯಾರು ಎಂದು ಕೇಳಿದ್ದಕ್ಕೆ ಹಾಲಿನಲ್ಲಿದ್ದವರೆಲ್ಲ ಒಂದೇ ಕಡೆ ಗದ್ದ ತೋರಿಸಿದರು. ಒಂದನೇ ಮಿಷನ್ನಿನ ಹತ್ತಿರ ಕನಕಮ್ಮ ಕಸ ಗುಡಿಸುತ್ತಿದ್ದಳು.

ಯಾರ ಬದಲು ಯಾರು ಬಂದಿದ್ದಾರೆಂದು ಲೆಕ್ಕ ಇಟ್ಟಿದ್ದೀಯಾ ಎಂದು ಅವನು ಕೇಳಿದ. ಇಡಲು ಅದೇನು ಕೊಡವೇ ಎಂದು ಅವಳು ತಿರುಗಿ ಕೇಳಿ, ಗುಡಿಸುತ್ತಲೇ ಹೇಳತೊಡಗಿದಳು. ಅವಳಿಗೆ ತಾರೀಖು ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು. ಮಿರಗ ಮಳೆ ಬಿದ್ದ ಮರುದಿನ ಒಂಬತ್ತನೇ ಮಿಷನ್ನಿನವಳು ಬಿತ್ತಲು ಹೋದಾಗ ಬಂದವಳು ಯಾರು, ಆ ಋಣವನ್ನು ಆರಿದ್ರ ಮಳೆಯಲ್ಲಿ ಯಾವ ಹೊಲದಲ್ಲಿ ತೀರಿಸಿದಳು, ಉತ್ತರಿ ಮಳೆಯಲ್ಲಿ ಎಪ್ಪತ್ತಮೂರರವಳ ಬಾಣಂತನಕ್ಕೆ ಎಷ್ಟು ಜನ ಸರದಿ ಹಿಡಿದರು. ಪೊರಕೆ ಒಮ್ಮೆಯೂ ನಿಲ್ಲಲಿಲ್ಲ, ಮಾತು ಒಮ್ಮೆಯೂ ತಡವರಿಸಲಿಲ್ಲ. ಅರುಣಕುಮಾರ್ ಕೈಕಟ್ಟಿಕೊಂಡು ಅವಳ ಹಿಂದೆ ಹಿಂದೆ ನಡೆದ. ತಲೆಯ ಮೇಲಿನ ಫ್ಯಾನುಗಳು ಕೇಳಿಸಿಕೊಳ್ಳಲು ನಿಧಾನವಾದವು. ಕರೆಂಟು ಕಡಿಮೆಯಾಗಿತ್ತು ಅನ್ನುವವರೂ ಇದ್ದಾರೆ. ನೂರಾ ನಲವತ್ತನೇ ಮಿಷನ್ ಮುಟ್ಟುವಷ್ಟರಲ್ಲಿ ಹನ್ನೊಂದು ತಿಂಗಳು ಮುಗಿದಿತ್ತು, ಹಾಲೂ ಸ್ವಚ್ಛವಾಗಿತ್ತು.

ಬಂದವರಿಗೆಲ್ಲ ಹೊಲಿಗೆ ಬರುತ್ತಿತ್ತೇ ಎಂದು ಅವನು ಮೆಲ್ಲಗೆ ಕೇಳಿದ. ಮನೆಯಲ್ಲಿ ಹಳೇ ತುಳಿಯುವ ಮಿಷನ್ ಇದೆಯೆಂದೂ, ಹತ್ತು ನಿಮಿಷದಲ್ಲಿ ಕಾಲರು ಹೊಲಿಯದವರನ್ನು ತಾನು ಬಸ್ಸು ಹತ್ತಿಸುವುದಿಲ್ಲವೆಂದೂ ಹೇಳಿದಳು. ಅವನ ಪರೀಕ್ಷೆ ಹನ್ನೆರಡು ನಿಮಿಷದ್ದು.

"ಮತ್ತೆ ಅವತ್ತು ನೀನ್ಯಾಕೆ ಹದಿನೈದು ನಿಮಿಷ ತಗಂಡೆ?"

"ಸೂಜಿ ಬಗ್ಗಿತ್ರಿ, ಮಿಷನ್ನಿಗೆ ಎಣ್ಣಿ ಇದ್ದಿಲ್ಲ. ಹತ್ತು ನಿಮಿಷ ಅದಕ್ಕ ಹೋತು. ನೀವು ಗಡಿಯಾರ ನೋಡಾಕ ಹತ್ತಿದ್ರಿ."

ಅರುಣಕುಮಾರನಿಗೆ ತನ್ನ ಎಂಬಿಎ ಅಂಗಿಯ ಗುಂಡಿಯಂತೆ ಕಿತ್ತು ನೆಲಕ್ಕೆ ಉರುಳಿದ ಹಾಗಾಯಿತು. ಅದನ್ನೂ ಅವಳೇ ಗುಡಿಸಿಕೊಂಡು ಹೋಗುತ್ತಾಳೇನೋ ಎಂದು ನೋಡುತ್ತ ನಿಂತ. ಆದರೆ ಅವಳಿಗೆ ಹೇಳುವುದು ಇನ್ನೂ ಇತ್ತು. ಎಲ್ಲರ ಮುಯ್ಯಿಯೂ ತೀರಿದೆ, ಒಬ್ಬರದು ಮಾತ್ರ ಉಳಿದಿದೆ, ಕಂಪನಿಯದು. ಹಡಗಿಗೆ ಮಾಲು ಹೋಗುವ ವಾರ ಪ್ಯಾಕಿಂಗಿಗೆ ಜನ ಸಾಲದಾದಾಗ ಅವಳು ಊರಿಂದ ನಲವತ್ತು ಆಳು ತಂದಿದ್ದಳು. ಅವನು ಅವರನ್ನು ಗುತ್ತಿಗೆದಾರನ ಕಡೆಯವರೆಂದುಕೊಂಡಿದ್ದ. ಈಗ ಗಾಬರಿಯಾಗಿ, ನಲವತ್ತು ಜನರ ಸಂಬಳ ಇವತ್ತೇ ಕೊಡಿಸುತ್ತೇನೆಂದ.

ಕನಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅಷ್ಟು ಹೊತ್ತಿನಲ್ಲಿ ಅದೇ ಮೊದಲು.

"ದುಡ್ಡು ಕೊಟ್ರ ಅದು ಕೂಲಿ ಆಗತೈತಿ ತಮ್ಮಾ. ನಾವು ಕೂಲಿಗೆ ಬಂದಿದ್ದಿಲ್ಲ. ಸೋಮವಾರ ಕೊಟ್ರಬಸಮ್ಮನ ಉಳ್ಳಾಗಡ್ಡಿ ಕೀಳೂದೈತಿ. ಕಂಪನಿ ನಲವತ್ತು ಆಳು ಕೊಡಬೇಕು."

ಭಾನುವಾರವಿಡೀ ಅವನು ಲೆಕ್ಕ ಹಾಕಿದ. ಹಾಜರಿ ಮಿಷನ್ನಿನ ಮೇಲೆ ತಪ್ಪು ಹೊರಿಸಿದರೆ ನೌಕರಿ ಉಳಿಯುತ್ತಿತ್ತು. ಮಿಷನ್ನೇನು ತಕರಾರು ಮಾಡುತ್ತಿರಲಿಲ್ಲ, ಥ್ಯಾಂಕ್ಯೂ ಅನ್ನುತ್ತಿತ್ತು. ಆದರೆ ಆ ಮೂವತ್ತೊಂದು ಜನರ ಕಾಲರುಗಳನ್ನು ಅವನು ಕಣ್ಣಾರೆ ನೋಡಿಬಿಟ್ಟಿದ್ದ.

ಸೋಮವಾರ ಭೂಮಿಕಾ ಮೇಡಂ ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಅವನು ನಡೆದದ್ದನ್ನೆಲ್ಲ ಹೇಳಿದ. ಮೆಣಸಿನಕಾಯಿಯನ್ನೂ ಬಿಡಲಿಲ್ಲ. ಅವರು ಗಾಜಿನಾಚೆಯ ನೂರಾ ನಲವತ್ತು ಬೆನ್ನುಗಳನ್ನು ನೋಡಿದರು. ಬೆಂಗಳೂರಿನಿಂದ ಅಚ್ಚುಕಟ್ಟಾದ ಕನ್ನಡ ತಂದಿದ್ದ ಆ ಹೆಂಗಸು, ಅದನ್ನು ಚಪ್ಪಲಿಯಂತೆ ಬಾಗಿಲಲ್ಲೇ ಬಿಟ್ಟು ಮಾತಾಡಿದರು.

"ನಮ್ಮವ್ವಂದು ಕೂಡ್ಲಿಗಿರಿ. ಮುಯ್ಯಿ ಅಂದಮ್ಯಾಲ ತೀರಿಸಬೇಕು. ನಿಮ್ಮ ಆಫೀಸಿನ್ಯಾಗ ಎಷ್ಟು ಮಂದಿ ಅದಾರ?"

ಜನರಲ್ ಮ್ಯಾನೇಜರು, ಅಕೌಂಟ್ಸು, ಸ್ಟೋರು, ಕ್ಯಾಂಟೀನು, ಡ್ರೈವರುಗಳು, ಗೇಟಿನವರು ಎಲ್ಲ ಸೇರಿ ಮೂವತ್ತೆಂಟು. ಅರುಣಕುಮಾರ್ ಮೂವತ್ತೊಂಬತ್ತು. ಭೂಮಿಕಾ ಮೇಡಂ ಸೆರಗು ಸಿಕ್ಕಿಸಿ ನಲವತ್ತಾದರು. ಗೇಟು ಕಾಯಲು ಆವತ್ತು ಯಾರೂ ಉಳಿಯಲಿಲ್ಲ. ಒಂದು ಗುಂಡಿಯೂ ಕಳುವಾಗಲಿಲ್ಲ.

ಹಿರೇಹಡಗಲಿಯ ಈರುಳ್ಳಿ ಹೊಲದ ಬದುವಿನ ಮೇಲೆ ಕನಕಮ್ಮ ನೇಮಕಾತಿ ನಡೆಸಿದಳು. ಅರ್ಜಿಯಿಲ್ಲ, ಪ್ರಶ್ನೆಯಿಲ್ಲ. ಒಬ್ಬೊಬ್ಬರ ಅಂಗೈ ತಿರುಗಿಸಿ ನೋಡಿ, ನೀನು ಕೀಳು, ನೀನು ಸೊಪ್ಪು ಹೆಚ್ಚು, ನೀನು ಚೀಲ ಹೊಲಿ ಎಂದಳು. ಅಕೌಂಟ್ಸಿನವನಿಗೆ ಸೊಂಟ ನೋವೆಂದು ಅವನು ಹೇಳುವ ಮೊದಲೇ ಗೊತ್ತಾಗಿ ನೆರಳಿನಲ್ಲಿ ಗಡ್ಡೆ ಆರಿಸಲು ಕೂರಿಸಿದಳು. ಜನರಲ್ ಮ್ಯಾನೇಜರ ಕೈಯನ್ನು ಎರಡು ಸಲ ನೋಡಿ, ನೀರಿನ ಕೊಡ ಕೊಟ್ಟಳು. ನಲವತ್ತು ನೇಮಕಾತಿಗೆ ಹನ್ನೆರಡು ನಿಮಿಷ ಹಿಡಿಯಿತು. ಅರುಣಕುಮಾರ್ ಗಡಿಯಾರ ನೋಡಿದ್ದು ಅದೇ ಕೊನೆ.

ಒಬ್ಬರೂ ತಪ್ಪು ಸಾಲಿನಲ್ಲಿರಲಿಲ್ಲ. ಹತ್ತು ವರ್ಷದಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದ ಸ್ಟೋರಿನ ಇಬ್ಬರು ಒಂದೇ ಚೀಲದ ಬಾಯಿಯ ಎರಡು ಅಂಚು ಹಿಡಿದು ನಿಂತಿದ್ದರು. ಸೂರ್ಯ ನೆತ್ತಿಗೆ ಬರುವುದರೊಳಗೆ ಮೂರು ಎಕರೆ ಮುಗಿಯಿತು. ಅರುಣಕುಮಾರ್ ಬೆನ್ನು ನೆಟ್ಟಗೆ ಮಾಡಿ ಹಿಂದೆ ನೋಡಿದರೆ, ಕೆಂಪು ಗಡ್ಡೆಗಳ ಸಾಲು ಕಣ್ಣು ಮುಟ್ಟುವ ತನಕ ಹರಡಿತ್ತು.

ಸಂಜೆ ಆಫೀಸಿನಲ್ಲಿ ಭೂಮಿಕಾ ಮೇಡಂ ವರದಿ ಬರೆಯಲು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟರು. ಅದು ಅವರನ್ನು ಗುರುತಿಸಲಿಲ್ಲ. ಒರೆಸಿ ಇಟ್ಟರು, ಇಲ್ಲ. ಬೆರಳಿನ ಗೆರೆ ಒಂದೇ ದಿನಕ್ಕೆ ಉಳ್ಳಾಗಡ್ಡಿ ಹೊಲದಲ್ಲಿ ಉಳಿದುಹೋಗಿತ್ತು. ಕೊನೆಗೆ ಕೈಯಲ್ಲೇ ಬರೆದರು. ಪ್ರತಿ ಮಿಷನ್ನಿಗೆ ಇನ್ನು ಇಬ್ಬರ ಹೆಸರಿರಲಿ, ಇಬ್ಬರಿಗೂ ಕಾರ್ಡಿರಲಿ, ಎರಡನೆಯವರನ್ನು ಕನಕಮ್ಮನೇ ಆರಿಸಲಿ. ಬರೆದ ಮೇಲೆ ಬ್ಯಾಗಿನಿಂದ ಖಾಯಂ ಪತ್ರ ತೆಗೆದು ಸಹಿ ಹಾಕಿದರು. ಅರುಣಕುಮಾರ್ ಅದನ್ನು ಮೊದಲು ಒಯ್ದು ತೋರಿಸಿದ್ದು ಕನಕಮ್ಮನಿಗೆ. ಅವಳು ಪತ್ರ ಓದಲಿಲ್ಲ. ಅವನ ಅಂಗೈ ತಿರುಗಿಸಿ ಬೊಬ್ಬೆ ನೋಡಿ, "ಈಗ ಆತು ಬಿಡು, ಖಾಯಂ" ಅಂದಳು.

ಇಷ್ಟಕ್ಕೇ ಮುಗಿಯಲಿಲ್ಲ. ಜನರಲ್ ಮ್ಯಾನೇಜರು ಕೊಡ ಹೊತ್ತು ನೀರು ಕೊಟ್ಟರಲ್ಲ, ಆ ಕೊಡ ಕೆಲಸ ಮುಗಿಯುವ ತನಕ ಒಮ್ಮೆಯೂ ಬರಿದಾಗಲಿಲ್ಲ. ನಲವತ್ತು ಜನ ಕುಡಿದು, ಕೈ ತೊಳೆದು, ಎರಡು ಜೋಡಿ ಎತ್ತು ಕುಡಿದು, ಆಮೇಲೆ ಉಳಿದ ನೀರನ್ನು—

ಸೈರನ್ ಕೂಗಿತು. ಹುಲುಗೇಶ ಕೈ ಒರೆಸಿಕೊಂಡು ಎದ್ದ. ಜೇಬಿನಿಂದ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡ. ಅವನದೇ ಫೋಟೋ, ಕೆಳಗೆ ನಲವತ್ತೇಳು, ಅದರ ಕೆಳಗೆ ಅಚ್ಚಿನಲ್ಲಿ ಮುಯ್ಯಾಳು ಎಂದಿತ್ತು. ಕೊಟ್ರಬಸಮ್ಮ ತನ್ನ ಅಕ್ಕ ಅಂದ. ಅಷ್ಟು ಹೊತ್ತು ಹೇಳಿರಲಿಲ್ಲ. ಈಗ ಜೇಬು ಮುಟ್ಟಿಕೊಳ್ಳದೆ, ನೆಟ್ಟಗೆ ಗೇಟಿನ ಕಡೆ ನಡೆದ. ಲೇ ಹುಲುಗೇಶ, ಕೇಳಿ ಹೋಗೋ, ಆ ಉಳಿದ ನೀರನ್ನ ಜನರಲ್ ಮ್ಯಾನೇಜರು ಬಾವಿಗೆ ಸುರಿದ್ರೆ ಬಾವಿ ತುಂಬಿ, ಅದರೊಳಗಿಂದ—